ಮಾತಿನೊಳಗಿನ ಮರ್ಯಾದೆ: ನಲಿಕಲಿ ಕೊಠಡಿಯಲ್ಲಿ ಕೇಳಿದ್ದು, ಕಲಿತದ್ದು

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಭಾಷಾ ಕೌಶಲಕ್ಕೆ ಒಂದು ಅಂಕಣವಿದೆ, ಮೌಲ್ಯಗಳಿಗೆ ಬೇರೊಂದು ಅಂಕಣವಿದೆ. ಮೊದಲನೆಯದರಲ್ಲಿ 'ಸ್ಪಷ್ಟವಾಗಿ ಮಾತನಾಡುವರು' ಎಂದೂ ಎರಡನೆಯದರಲ್ಲಿ 'ಹಿರಿಯರಿಗೆ ಗೌರವ ಕೊಡುವರು' ಎಂದೂ ಬರೆದು ಸಹಿ ಹಾಕಿಸಿಕೊಳ್ಳುವುದು ನಮ್ಮೆಲ್ಲರ ರೂಢಿ. ಚಿಕ್ಕ ಮಕ್ಕಳ ಮಟ್ಟಿಗೆ ಈ ಎರಡು ಅಂಕಣಗಳ ನಡುವೆ ಗೆರೆ ಎಳೆಯಲು ಬರುವುದಿಲ್ಲ ಎಂಬುದೇ ಈ ಲೇಖನದ ವಿಷಯ. ಗೆರೆ ಎಳೆದಾಗ ಬಹಳ ಸಲ ಮಾತು ನಿಂತುಹೋಗುತ್ತದೆ, ಮರ್ಯಾದೆಯೂ ಬರುವುದಿಲ್ಲ.

ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದ ನಾವು ಹೈಸ್ಕೂಲಿನ ವಿಜ್ಞಾನ, ಗಣಿತಕ್ಕೆ ತಯಾರಾಗುವವರು. ಆರೇಳು ವರ್ಷದ ಮಕ್ಕಳ ಮಾತು ನಮ್ಮ ಪಠ್ಯದಲ್ಲಿ ಬರುವುದು ಕಡಿಮೆ. ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕಿದ್ದು ಕೋಲಾರ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ಹತ್ತಿರವಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 6 ಮತ್ತು 7ನೇ ತರಗತಿಗಳ ವಿಜ್ಞಾನದ ಅವಧಿಗಳು ಮುಗಿದ ಮೇಲೆ 1ರಿಂದ 3ನೇ ತರಗತಿಯವರು ಒಟ್ಟಿಗೆ ಕೂರುವ ನಲಿಕಲಿ ಕೊಠಡಿಯಲ್ಲಿ ಶಿಕ್ಷಕಿಗೆ ನೆರವಾಗಲು ಮುಖ್ಯ ಶಿಕ್ಷಕರು ನನ್ನನ್ನು ಕಳುಹಿಸುತ್ತಿದ್ದರು. ಆ ಕೊಠಡಿಯ ಬಹುಪಾಲು ಮಕ್ಕಳ ಮನೆಮಾತು ತೆಲುಗು, ಕೆಲವರದು ಉರ್ದು, ಉಳಿದವರದು ಕನ್ನಡ. ಮುಂದೆ ಬರೆದಿರುವುದು ಅಲ್ಲಿ ಕೇಳಿದ್ದರ ಮೇಲೆ ನಿಂತಿದೆ.

ಮೊದಲು ಭಾಷೆಯ ಸಂಗತಿ. ಇಂಗ್ಲಿಷಿನಲ್ಲಿ ಎದುರಿಗಿರುವವರು ಮಗುವಾದರೂ ಮಂತ್ರಿಯಾದರೂ 'ಯೂ' ಒಂದೇ. ಕನ್ನಡದಲ್ಲಿ 'ಬಾ' ಅನ್ನಬೇಕೋ 'ಬನ್ನಿ' ಅನ್ನಬೇಕೋ ಎಂದು ತೀರ್ಮಾನಿಸದೆ ಒಬ್ಬರನ್ನು ಕರೆಯಲೂ ಆಗುವುದಿಲ್ಲ. ಎದುರಿಗೆ ಇಲ್ಲದವರ ಬಗ್ಗೆ ಹೇಳುವಾಗಲೂ ಅಷ್ಟೇ: 'ಬಂದ', 'ಬಂದಳು', 'ಬಂದರು' ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಅಂದರೆ ಕನ್ನಡದಲ್ಲಿ ಮರ್ಯಾದೆಯು ಮಾತಿನ ಮೇಲೆ ಸಿಂಪಡಿಸುವ ಸಕ್ಕರೆಯಲ್ಲ, ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳ ಸರ್ವನಾಮಗಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇಂಥ ಆಯ್ಕೆಯ ಹಿಂದೆ ಎರಡು ಎಳೆಗಳನ್ನು ಗುರುತಿಸಿದರು. ಒಂದು ಅಧಿಕಾರ, ಇನ್ನೊಂದು ಒಡನಾಟ. ನಮ್ಮ ಮನೆಗಳಲ್ಲಿ ಎರಡೂ ಇವೆ. ಅನೇಕ ಮನೆಗಳಲ್ಲಿ ಅಪ್ಪನಿಗೆ 'ನೀವು', ಅಮ್ಮನಿಗೆ 'ನೀನು'. ಅಮ್ಮನ ಮೇಲೆ ಗೌರವ ಕಡಿಮೆ ಎಂದು ಯಾವ ಮಗುವೂ ಒಪ್ಪುವುದಿಲ್ಲ. ದೇವರಿಗೂ ನಾವು 'ಕಾಪಾಡು' ಎನ್ನುತ್ತೇವೆಯೇ ಹೊರತು 'ಕಾಪಾಡಿ' ಎನ್ನುವುದು ಅಪರೂಪ.

ಆದ್ದರಿಂದ ಒಂದನೇ ತರಗತಿಯ ಹುಡುಗಿ ಬಂದು ಸೆರಗು ಹಿಡಿದು "ಮಿಸ್, ನೀನು ನಾಳೆನೂ ಬರ್ತೀಯಾ?" ಎಂದು ಕೇಳಿದಾಗ ಅಲ್ಲಿ ಇರುವುದು ಅಗೌರವವಲ್ಲ. ಅವಳು ನನ್ನನ್ನು ಅಮ್ಮನ ಸಾಲಿಗೆ ಸೇರಿಸಿದ್ದಾಳೆ. ಅದಕ್ಕಿಂತ ಮುಖ್ಯವಾಗಿ, ಯಾರೂ ಹೇಳಿಕೊಡದೆ, ತನಗೆ ನಿಜವಾಗಿ ಬೇಕಾದ ವಿಷಯವನ್ನು, ಒಂದು ಪೂರ್ಣ ಪ್ರಶ್ನಾವಾಕ್ಯದಲ್ಲಿ ಕೇಳಿದ್ದಾಳೆ. ಭಾಷಾ ಬೋಧನೆಯ ಪುಸ್ತಕಗಳು ಯಾವುದನ್ನು ಕಲಿಕಾ ಫಲ ಎನ್ನುತ್ತವೋ ಅದು ಇದೇ. ಸಾಮಾನ್ಯವಾಗಿ ಆಗುವುದೇನು? "ನೀನು ಅಲ್ಲ, ನೀವು ಅನ್ನು" ಎಂದು ಯಾರೋ ತಿದ್ದುತ್ತಾರೆ. ಮಗು "ನೀವು" ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಹೋಗುತ್ತದೆ. ಪ್ರಶ್ನೆಗೆ ಉತ್ತರ ಸಿಗಲಿಲ್ಲ, ನಾಲ್ಕು ಪದದ ವಾಕ್ಯವೊಂದು ಎರಡಕ್ಷರಕ್ಕೆ ಇಳಿಯಿತು. ಇಂಥದ್ದು ನಾಲ್ಕು ಸಲ ಆದರೆ ಮಗು ಐದನೆಯ ಸಲ ಕೇಳುವುದಿಲ್ಲ. ಆಗ ನಾವು ಅದಕ್ಕೆ 'ತುಂಬಾ ಒಳ್ಳೆಯ ಮಗು, ಮಾತೇ ಆಡಲ್ಲ' ಎಂಬ ಪ್ರಮಾಣಪತ್ರ ಕೊಡುತ್ತೇವೆ.

ಇಲ್ಲಿ ಒಂದು ತಾಂತ್ರಿಕ ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗು ತಪ್ಪಾಗಿ ಹೇಳಿದ್ದನ್ನು ನೇರವಾಗಿ ತಿದ್ದದೆ ನಮ್ಮ ಉತ್ತರದಲ್ಲಿ ಸರಿಯಾದ ರೂಪವನ್ನು ಸೇರಿಸಿ ಹೇಳಬೇಕು ಎಂದು ನಮಗೆ ಕಲಿಸುತ್ತಾರೆ. ಮಗು "ಅದು ಹಾರ್ತು" ಎಂದರೆ ನಾವು "ಹೌದು, ಹಾರಿತು, ಎಲ್ಲಿಗೆ ಹಾರಿತು?" ಎನ್ನಬಹುದು. ಪದಗಳಿಗೆ, ಉಚ್ಚಾರಣೆಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಗೌರವದ ರೂಪಕ್ಕೆ ಮಾತ್ರ ನಡೆಯುವುದಿಲ್ಲ. ಏಕೆಂದರೆ "ನೀನು ಬರ್ತೀಯಾ?" ಎಂಬ ಪ್ರಶ್ನೆಗೆ ನನ್ನ ಉತ್ತರ "ಬರ್ತೀನಿ". ಅದರಲ್ಲಿ 'ನೀವು' ಎಲ್ಲಿಯೂ ಬರುವುದಿಲ್ಲ. ಮಗುವಿಗೆ ನಾನು ಮರುಪ್ರಶ್ನೆ ಹಾಕಿದರೂ ನಾನು ಬಳಸುವುದು 'ನೀನು'. ಅಂದರೆ ದೊಡ್ಡವರು ಮತ್ತು ಮಗು ಇಬ್ಬರೇ ಮಾತಾಡುತ್ತಿರುವಷ್ಟು ಹೊತ್ತು ಮಗುವಿಗೆ ಕಲಿಯಬೇಕಾದ ರೂಪ ಕಿವಿಗೇ ಬೀಳುವುದಿಲ್ಲ. ಮಕ್ಕಳು ಇದನ್ನು ಕಲಿಯುವುದು ಪಕ್ಕದಲ್ಲಿ ನಿಂತು, ಇಬ್ಬರು ದೊಡ್ಡವರು ಆಡುವ ಮಾತನ್ನು ಕೇಳಿಸಿಕೊಂಡು.

ಇದು ಗೊತ್ತಾದರೆ ದಾರಿಯೂ ಹೊಳೆಯುತ್ತದೆ. ನನ್ನ ಮಾರ್ಗದರ್ಶಕಿಯಾಗಿದ್ದ ನಲಿಕಲಿ ಶಿಕ್ಷಕಿ ಮಾಡುತ್ತಿದ್ದುದು ಇಷ್ಟು: ಮಗು ಕೇಳಿದ ಕೂಡಲೇ ಉಳಿದ ಮಕ್ಕಳ ಕಡೆ ತಿರುಗಿ, "ಇವಳು ಏನ್ ಕೇಳಿದ್ಲು ಗೊತ್ತಾ? 'ಮಿಸ್, ನಾಳೆನೂ ನೀವು ಬರ್ತೀರಾ?' ಅಂತ ಕೇಳಿದ್ಲು. ಹೇಳಿ ಮಿಸ್, ಬರ್ತೀರಾ?" ಎನ್ನುತ್ತಿದ್ದರು. ಪ್ರಶ್ನೆಗೆ ಗೌರವ ಸಿಕ್ಕಿತು, ಉತ್ತರ ಸಿಕ್ಕಿತು, ಬೇಕಾದ ರೂಪ ಎರಡು ಸಲ ಕಿವಿಗೆ ಬಿತ್ತು, ಮಗುವಿನ ಮುಖ ಬಾಡಲಿಲ್ಲ. ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಕಾರ್ಡು ತರಲು ಒಂದು ಮಗುವನ್ನು ಕರೆಯುವಾಗಲೂ ಆಗಾಗ "ಬನ್ನಿ ಬನ್ನಿ, ನಿಮ್ಮದು ಯಾವ ಕಾರ್ಡು, ತೋರಿಸಿ" ಎನ್ನುತ್ತಿದ್ದರು. ಮಕ್ಕಳಿಗೆ ನಗು, ಖುಷಿ. ಕನ್ನಡದಲ್ಲಿ ಬಹುವಚನವೇ ಗೌರವವಚನವಾಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಡೀ ತರಗತಿಗೆ "ಕೂತ್ಕೊಳ್ಳಿ" ಎಂದದ್ದನ್ನೇ ಒಬ್ಬರಿಗೂ ಅಂದರೆ ಅದು ಮರ್ಯಾದೆ ಎಂದು ಮಕ್ಕಳು ಬಹಳ ಬೇಗ ಹಿಡಿಯುತ್ತಾರೆ.

ಇನ್ನು ಮಾತಿನ ಪ್ರಮಾಣದ ಪ್ರಶ್ನೆ. ಮರ್ಯಾದೆಯ ಮಾತು ಕಲಿಯಲು ಮೊದಲು ಮಾತು ಬೇಕು. ನಮ್ಮ ತರಗತಿಗಳಲ್ಲಿ ಅದಕ್ಕೆ ಜಾಗ ಎಷ್ಟು? 'ಕೈ ಕಟ್, ಬಾಯ್ ಮುಚ್' ಎಂದರೆ ತುಟಿಯ ಮೇಲೆ ಬೆರಳಿಟ್ಟು ಕೂರುವುದನ್ನು ಅಂಗನವಾಡಿಯಿಂದಲೇ ಮಕ್ಕಳು ಕಲಿತು ಬಂದಿರುತ್ತಾರೆ. ಪಾಠ ಶುರುವಾದ ಮೇಲೆ ಶಿಕ್ಷಕರು "ಇದು ಮಾವಿನ ಹಣ್..." ಎಂದು ಎಳೆದರೆ ಮಕ್ಕಳು "...ಣು" ಎಂದು ಕೂಗಿ ಮುಗಿಸುತ್ತಾರೆ. ಹೊರಗಿನಿಂದ ಕೇಳುವವರಿಗೆ ತರಗತಿ ತುಂಬಾ ಚುರುಕಾಗಿದೆ ಅನ್ನಿಸುತ್ತದೆ, ಆದರೆ ಅಲ್ಲಿ ಯಾರೂ ಒಂದು ವಾಕ್ಯವನ್ನೂ ಕಟ್ಟಿಲ್ಲ. ಸಿಂಕ್ಲೇರ್ ಮತ್ತು ಕೂಲ್ಟ್‌ಹಾರ್ಡ್ 1975ರಲ್ಲಿ ಇಂಗ್ಲೆಂಡಿನ ತರಗತಿಗಳ ಮಾತನ್ನು ಬಿಡಿಸಿ ತೋರಿಸಿದ ಮಾದರಿ ನಮಗೆ ಪರಿಚಿತವೇ: ಶಿಕ್ಷಕರ ಪ್ರಶ್ನೆ, ಮಗುವಿನ ಚಿಕ್ಕ ಉತ್ತರ, ಶಿಕ್ಷಕರ ತೀರ್ಪು. ಉತ್ತರ ಗೊತ್ತಿದ್ದವರೇ ಪ್ರಶ್ನೆ ಕೇಳುವ ಈ ವಿಚಿತ್ರ ಸಂಭಾಷಣೆ ಶಾಲೆಯ ಹೊರಗೆ ಎಲ್ಲೂ ನಡೆಯುವುದಿಲ್ಲ. ಅಂಗಡಿಯವನ ಬಳಿ ಹೋಗಿ ಬೆಲೆ ಕೇಳಿ, ಅವನು ಹೇಳಿದ ಮೇಲೆ "ಶಭಾಷ್, ಸರಿಯಾದ ಉತ್ತರ" ಎಂದರೆ ಏನಂದುಕೊಂಡಾನು!

ವಿಜ್ಞಾನದವರಿಗೆ ಹತ್ತಿರದ ಒಂದು ಕೆಲಸವೂ ಇದೆ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಶಿಕ್ಷಕರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸಾಮಾನ್ಯವಾಗಿ ಅದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುವ ಮಕ್ಕಳೂ ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ಮನಸ್ಸಿನಲ್ಲಿ ತೆಲುಗಿನಲ್ಲಿ ಯೋಚಿಸಿ ಬಾಯಲ್ಲಿ ಕನ್ನಡ ತರಬೇಕಾದ ಮಗುವಿಗೆ ಮೂರು ಸೆಕೆಂಡೂ ಸಾಲದು. ಮೂರು ಸೆಕೆಂಡು ಕಾಯುವುದು ಹೇಳಿದಷ್ಟು ಸುಲಭವಲ್ಲ. ಹಿಂದೆ ವೀಕ್ಷಕರು ಕೂತಿದ್ದಾಗ ಅದು ಮೂರು ನಿಮಿಷದಂತೆ ಅನ್ನಿಸುತ್ತದೆ. ಪಾಠ ವೀಕ್ಷಣೆಗೆ ಬರುವ ನಮ್ಮ ಉಪನ್ಯಾಸಕರು ಆ ಮೌನವನ್ನು 'ಪಾಠ ನಿಂತಿತು' ಎಂದು ಬರೆಯದಿರಲಿ ಎಂಬ ವಿನಂತಿಯನ್ನು ಇಲ್ಲೇ ಸೇರಿಸಿಬಿಡುತ್ತೇನೆ.

ಈ ವಿಷಯದಲ್ಲಿ ನಲಿಕಲಿಯ ವ್ಯವಸ್ಥೆ ನಮಗೆ ಅನುಕೂಲವಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿಯ ಮಾದರಿಯನ್ನು ನೋಡಿ ಬಂದ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಅದು. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂತು, ತಮ್ಮ ಮೆಟ್ಟಿಲಿನ ಕಾರ್ಡು ಹಿಡಿದು ಕೆಲಸ ಮಾಡುತ್ತಾರೆ. ಗೆಳೆಯರ ನೆರವಿನ ಗುಂಪು ಎಂದೇ ಒಂದು ಗುಂಪಿದೆ. ಅಲ್ಲಿ ಮಾತು ತಾನಾಗಿ ಹುಟ್ಟುತ್ತದೆ, ಜಗಳವೂ ಹುಟ್ಟುತ್ತದೆ. ಬಣ್ಣದ ಕಡ್ಡಿ ನಾಲ್ಕು, ಕೈ ಆರು. "ಕೊಡೋ" ಎಂದು ಕಿತ್ತುಕೊಂಡವನಿಗೆ ಸಿಗದ ಕೆಂಪು ಕಡ್ಡಿ "ನಂದು ಆದ್ಮೇಲೆ ನೀನ್ ತಗೋ, ಈಗ ಸ್ವಲ್ಪ ಕೊಡ್ತೀಯಾ?" ಎಂದವಳಿಗೆ ಸಿಕ್ಕಿದ್ದನ್ನು ಪಕ್ಕದ ಮಕ್ಕಳೆಲ್ಲ ನೋಡುತ್ತಾರೆ. 'ಸ್ವಲ್ಪ', 'ಒಂದ್ಸಲ', ಕೊನೆಯ ಆ 'ಆ' ಸ್ವರ, ಇವೇ ಕನ್ನಡದ 'ಪ್ಲೀಸ್'. ಇವನ್ನು ಯಾರೂ ಪಟ್ಟಿ ಮಾಡಿ ಗೋಡೆಗೆ ಅಂಟಿಸಿರುವುದಿಲ್ಲ.

ಗೋಡೆಗೆ ಅಂಟಿಸಿರುವುದು ಬೇರೆ: ಥ್ಯಾಂಕ್ಯೂ, ಸಾರಿ, ಪ್ಲೀಸ್, ಎಕ್ಸ್‌ಕ್ಯೂಸ್ ಮಿ. ಇವುಗಳ ಬಗ್ಗೆ ನನಗೆ ತಕರಾರಿಲ್ಲ, ಮಕ್ಕಳು ಇಷ್ಟಪಟ್ಟು ಹೇಳುತ್ತಾರೆ. ಜೀನ್ ಬರ್ಕೋ ಗ್ಲೀಸನ್ ಮತ್ತು ಸಾಂಡ್ರಾ ವೈನ್‌ಟ್ರಾಬ್ 1976ರಲ್ಲಿ ಅಮೆರಿಕದ ಮಕ್ಕಳ ಇಂಥ ಮಾತುಗಳನ್ನು ಅಧ್ಯಯನ ಮಾಡಿ ಹೇಳಿದ್ದು ನೆನಪಿಡುವಂಥದ್ದು. ಬೇರೆ ಪದಗಳನ್ನು ಕಲಿಸುವಾಗ ದೊಡ್ಡವರು ಅರ್ಥ ತಿಳಿಸಲು ನೋಡುತ್ತಾರೆ, ಇವುಗಳ ವಿಷಯದಲ್ಲಿ ಮಾತ್ರ 'ಹೇಳು, ಹೇಳು' ಎಂದು ಬಾಯಿಂದ ಹೊರಡಿಸಿದರೆ ಸಾಕು ಎಂದುಕೊಳ್ಳುತ್ತಾರೆ. 'ಸಾರಿ'ಗೆ ನಮ್ಮಲ್ಲಿ ಆಗಿರುವುದೂ ಅದೇ. ತಳ್ಳಿದ ಹುಡುಗ ಆಕಾಶ ನೋಡಿಕೊಂಡು "ಸಾರಿ" ಎನ್ನುತ್ತಾನೆ, ಪ್ರಕರಣ ಮುಕ್ತಾಯ. ಬಿದ್ದವನ ಮೊಣಕಾಲಿನ ರಕ್ತ ಹಾಗೇ ಇರುತ್ತದೆ. "ಅವನಿಗೆ ಎಲ್ಲಿ ತಗುಲಿದೆ, ಕೇಳು" ಎಂದು ಹೇಳಿದರೆ ತಳ್ಳಿದವನು ಬಗ್ಗಿ ನೋಡಬೇಕಾಗುತ್ತದೆ, ಕೇಳಬೇಕಾಗುತ್ತದೆ, ಉತ್ತರ ಆಲಿಸಬೇಕಾಗುತ್ತದೆ. ಮಾತು ಹೆಚ್ಚಾಯಿತು, ಮರ್ಯಾದೆಯೂ ಬಂತು. ಹಾಗೆಯೇ ಕನ್ನಡದ ಮನೆಗಳಲ್ಲಿ 'ಧನ್ಯವಾದ' ಎಂದು ಯಾರೂ ಹೇಳಿಕೊಳ್ಳುವುದಿಲ್ಲ. 'ಹೋಗ್ತೀನಿ' ಎನ್ನದೆ 'ಹೋಗ್ಬರ್ತೀನಿ' ಎನ್ನುತ್ತಾರೆ, 'ಊಟ ಆಯ್ತಾ' ಎನ್ನುತ್ತಾರೆ. ಇವೂ ಮರ್ಯಾದೆಯ ಮಾತುಗಳೇ ಎಂದು ತರಗತಿಯಲ್ಲಿ ಒಪ್ಪಿಕೊಂಡರೆ ಮನೆಯಿಂದ ಮಗು ತಂದದ್ದಕ್ಕೆ ಬೆಲೆ ಬರುತ್ತದೆ.

ಮನೆಯಿಂದ ತಂದದ್ದು ಎಂದಾಗ ಗಡಿಯ ಶಾಲೆಯ ಒಂದು ಮಾತನ್ನು ಹೇಳಲೇಬೇಕು. ತೆಲುಗಿನಲ್ಲಿ 'ನುವ್ವು', 'ಮೀರು' ಎಂಬ ಭೇದ ನಮ್ಮ 'ನೀನು', 'ನೀವು' ಇದ್ದಂತೆಯೇ ಇದೆ. ಉರ್ದುವಿನಲ್ಲಿ 'ತೂ', 'ತುಮ್', 'ಆಪ್' ಎಂದು ಮೂರು ಹಂತ. ಅಂದರೆ ಈ ಮಕ್ಕಳಿಗೆ ಗೌರವದ ತಿಳಿವಳಿಕೆ ಇಲ್ಲ ಎಂಬುದು ಸುಳ್ಳು, ಕನ್ನಡದ ಪ್ರತ್ಯಯ ಇನ್ನೂ ಬಂದಿಲ್ಲ ಅಷ್ಟೇ. ತೆಲುಗಿನಲ್ಲಿ ಮನೆಗೆ ಬಂದವರನ್ನು ಅತ್ಯಂತ ಆದರದಿಂದ ಕರೆಯುವ ಪದ 'ರಂಡಿ', ಅಂದರೆ 'ಬನ್ನಿ'. ಕನ್ನಡದ ಕಿವಿಗೆ ಅದು ಏನು ಕೇಳಿಸುತ್ತದೆ ಎಂದು ಬರೆಯಬೇಕಾಗಿಲ್ಲ. ಬಯಲುಸೀಮೆಯ ಬೇರೆ ಕಡೆಯಿಂದ ಹೊಸದಾಗಿ ಬಂದ ಶಿಕ್ಷಕರೊಬ್ಬರಿಗೆ ಎರಡನೇ ತರಗತಿಯ ಹುಡುಗ ಬಾಗಿಲಲ್ಲಿ ಕೈಮುಗಿದು "ರಂಡಿ ಸಾರ್" ಎಂದರೆ ಪೆಟ್ಟು ಬೀಳುವ ಸಂಭವ ಇಲ್ಲದಿಲ್ಲ. ತನಗೆ ಗೊತ್ತಿದ್ದ ಅತ್ಯುತ್ತಮ ಮರ್ಯಾದೆ ತೋರಿಸಿದ ಮಗುವಿಗೆ ಅದು ಯಾಕೆ ಎಂದು ಎಂದೂ ಅರ್ಥವಾಗುವುದಿಲ್ಲ. ಮಕ್ಕಳ ಮನೆಮಾತಿನ ಹತ್ತಿಪ್ಪತ್ತು ಪದಗಳನ್ನಾದರೂ, ಬಾ, ಹೋಗು, ಕೊಡು, ಬೇಕು, ಬೇಡ, ನೋವು, ನೀರು ಇಂಥವನ್ನು, ಇಂಟರ್ನ್‌ಶಿಪ್‌ನ ಮೊದಲ ವಾರದಲ್ಲಿ ನಾವು ಕೇಳಿ ಬರೆದುಕೊಳ್ಳಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇಷ್ಟರಲ್ಲಿ ಒಂದು ಇಕ್ಕಟ್ಟಿನ ಪ್ರಶ್ನೆ ಉಳಿದಿದೆ: ಗೌರವ ಯಾರಿಗೆ? ಆ ಶಾಲೆಯ ಮೇಲಿನ ತರಗತಿಗಳ ಮಕ್ಕಳು ಶಿಕ್ಷಕರಿಗೆಲ್ಲ ತಪ್ಪದೆ 'ನೀವು' ಎನ್ನುತ್ತಿದ್ದರು. ಬಿಸಿಯೂಟ ಮಾಡುವ, ಅವರ ಅಜ್ಜಿಯ ವಯಸ್ಸಿನ ಹೆಂಗಸಿಗೆ ಮಾತ್ರ "ಸಾಂಬಾರ್ ಹಾಕು", "ಅಡುಗೆಯವಳು ಬಂದಿಲ್ಲ". ಯಾರೂ ತಿದ್ದುತ್ತಿರಲಿಲ್ಲ. ಅಂದರೆ ಮಕ್ಕಳು ನಾವು ಕಲಿಸಿದ್ದನ್ನು ಸರಿಯಾಗಿಯೇ ಕಲಿತಿದ್ದಾರೆ. 'ನೀವು' ವಯಸ್ಸಿಗಲ್ಲ, ಕುರ್ಚಿಗೆ. ನಮ್ಮ ಹಳ್ಳಿಗಳಲ್ಲಿ ಏಕವಚನ ಯಾವ ಕೇರಿಯ ಕಡೆ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಮೌಲ್ಯದ ಅಂಕಣದಲ್ಲಿ 'ಹಿರಿಯರಿಗೆ ಗೌರವ' ಎಂದು ಬರೆದು ಇದನ್ನು ಹಾಗೇ ಬಿಟ್ಟರೆ ನಾವು ಕಲಿಸುತ್ತಿರುವುದು ಮೇಲು ಕೀಳಿನ ವ್ಯಾಕರಣವನ್ನೇ. ನಲಿಕಲಿ ಶಿಕ್ಷಕಿ ಮಾತ್ರ ಅವರನ್ನು "ಅಮ್ಮಾ, ಬನ್ನಿ, ಇವತ್ತು ಏನ್ ಮಾಡಿದೀರಿ" ಎಂದೇ ಮಾತಾಡಿಸುತ್ತಿದ್ದರು. ಅವರ ಕೊಠಡಿಯ ಮಕ್ಕಳ ಬಾಯಲ್ಲೂ "ಹಾಕಿ" ಎಂದು ಬರುತ್ತಿದ್ದುದನ್ನು ಊಟದ ಸಾಲಿನಲ್ಲಿ ನಿಂತು ನಾನು ಕೇಳಿಸಿಕೊಂಡಿದ್ದೇನೆ.

ಅವರ ಒಪ್ಪಿಗೆ ಪಡೆದು ಮೌಖಿಕ ಭಾಷೆಗೆಂದು ಒಂದು ಚಟುವಟಿಕೆ ಮಾಡಿದೆವು. ಅಡುಗೆಯ ಅಮ್ಮನನ್ನು ತರಗತಿಗೆ ಅತಿಥಿಯಾಗಿ ಕರೆದು, ಮಕ್ಕಳು ಪ್ರಶ್ನೆ ಕೇಳುವುದು. ಹಿಂದಿನ ದಿನ ಮಕ್ಕಳು ಜೋಡಿಯಾಗಿ ಕೂತು ಏನು ಕೇಳಬೇಕು ಎಂದು ಮಾತಾಡಿಕೊಂಡರು, ಬೇಕಾದವರು ತೆಲುಗಿನಲ್ಲೇ. ಮರುದಿನ ಶಿಕ್ಷಕರ ಕುರ್ಚಿಯನ್ನು ಅವರಿಗೆ ಹಾಕಿದೆವು. ಅವರು ಕೂರಲು ಒಪ್ಪಲಿಲ್ಲ, ನೆಲದಲ್ಲೇ ಕೂರುತ್ತೇನೆ ಎಂದರು. ಮೂರನೇ ತರಗತಿಯ ಹುಡುಗಿಯೊಬ್ಬಳು ಕೈ ಹಿಡಿದು ಕೂರಿಸಿದಳು. ಪ್ರಶ್ನೆಗಳು ಒಂದೊಂದಾಗಿ ಬಂದವು. "ನೀವು ಎಷ್ಟೊತ್ತಿಗೆ ಏಳ್ತೀರಾ?" "ನಿಮ್ ಮನೆಯಲ್ಲಿ ಅಡುಗೆ ಯಾರ್ ಮಾಡ್ತಾರೆ?" "ಇಷ್ಟು ದೊಡ್ಡ ಪಾತ್ರೆ ಹೆಂಗ್ ಇಳಿಸ್ತೀರಾ?" ಒಬ್ಬ ಅಕ್ಕಿ ಎಷ್ಟು ಎಂದು ಕೇಳಿದ. 1ರಿಂದ 5ರವರೆಗಿನ ಮಕ್ಕಳಿಗೆ ತಲೆಗೆ 100 ಗ್ರಾಂ, ಮೇಲಿನವರಿಗೆ 150 ಗ್ರಾಂ ಎಂದು ಅವರು ಲೆಕ್ಕ ಹೇಳಿದ್ದು ನನ್ನ 7ನೇ ತರಗತಿಯ ಪಾಠಕ್ಕೂ ಆಯಿತು. ಆಮೇಲೆ ಮನೆಯಲ್ಲಿ ತೆಲುಗು ಮಾತಾಡುವ, ತರಗತಿಯಲ್ಲಿ 'ಹೂಂ' ಬಿಟ್ಟು ಬೇರೆ ಹೇಳದಿದ್ದ ಒಂದನೇ ತರಗತಿಯ ಹುಡುಗ ಎದ್ದು ನಿಂತು, ಸಾಕಷ್ಟು ಹೊತ್ತು ತೆಗೆದುಕೊಂಡು, "ಉಪ್ಪು ಜಾಸ್ತಿ ಏನಕ್ಕೆ ಹಾಕ್ತೀರಾ?" ಎಂದು ಕೇಳಿದ.

ನನ್ನ ಜೊತೆಯ ಪ್ರಶಿಕ್ಷಣಾರ್ಥಿಗೆ ಇದು ಮರ್ಯಾದೆಯ ಪ್ರಶ್ನೆಯಲ್ಲ ಎನ್ನಿಸಿತು, ವೀಕ್ಷಣಾ ಹಾಳೆಯಲ್ಲಿ ಹಾಗೇ ಬರೆದರು. ನನ್ನ ಅಭಿಪ್ರಾಯ ಬೇರೆ. ಪ್ರತ್ಯಯ ಸರಿಯಾಗಿದೆ, ದೂರು ನಿಜವಾದದ್ದು, ಕೇಳಬೇಕಾದವರನ್ನೇ ಕೇಳಿದ್ದಾನೆ, ಹಿಂದಿನಿಂದ ಗೊಣಗಿಲ್ಲ. ಅಮ್ಮ ಜೋರಾಗಿ ನಕ್ಕು, ಹೊಗೆಯಲ್ಲಿ ಕಣ್ಣು ಉರಿಯುವಾಗ ಎರಡು ಸಲ ಹಾಕಿಬಿಡುತ್ತೇನೇನೋ, ಇನ್ನು ಮೇಲೆ ನೀನೇ ಬಂದು ರುಚಿ ನೋಡು ಎಂದರು. ಅವನು ಮಾರನೆಯ ದಿನ ಹೋಗಿ ನಿಂತಿದ್ದ ಕೂಡ.

ಒಳ್ಳೆಯ ನಡತೆ ಎಂದರೆ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ಕಲಿಸಿದರೆ ಅಪಾಯವೂ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ, ನಾವೆಲ್ಲ ಅದರ ತರಬೇತಿಯಲ್ಲಿ ಕೂತಿದ್ದೇವೆ. "ಬೇಡ", "ನಂಗೆ ಇಷ್ಟ ಇಲ್ಲ, ಬಿಡಿ", "ಅಮ್ಮನಿಗೆ ಹೇಳ್ತೀನಿ" ಇವೂ ಮಗು ಗಟ್ಟಿಯಾಗಿ ಹೇಳಲು ಬರಬೇಕಾದ ವಾಕ್ಯಗಳು. ಬೊಂಬೆಯಾಟದಲ್ಲಿ, ಪಾತ್ರಾಭಿನಯದಲ್ಲಿ ಇವನ್ನೂ ಆಡಿಸಬಹುದು.

ಪಾಠಯೋಜನೆಗೆ ಸಂಬಂಧಿಸಿದಂತೆ ನನ್ನ ಸಲಹೆ ಸಣ್ಣದು. ಮೌಲ್ಯಮಾಪನದ ಜಾಗದಲ್ಲಿ 'ಸಭ್ಯವಾಗಿ ಮಾತನಾಡುತ್ತಾನೆ: ಹೌದು/ಇಲ್ಲ' ಎಂದು ಗುರುತು ಹಾಕುವ ಬದಲು, ಮಗು ಆ ವಾರ ತಾನಾಗಿ ಆಡಿದ ಒಂದು ವಾಕ್ಯವನ್ನು ಇದ್ದಂತೆಯೇ, ದಿನಾಂಕ ಹಾಕಿ, ಯಾರಿಗೆ ಹೇಳಿದ್ದು ಎಂದು ಸೇರಿಸಿ ಬರೆದುಕೊಳ್ಳಿ. ಮನೆಮಾತಿನಲ್ಲಿ ಹೇಳಿದ್ದರೆ ಹಾಗೆಯೇ ಬರೆಯಿರಿ. ದಿನಕ್ಕೆ ನಾಲ್ಕೈದು ಮಕ್ಕಳದು ಸಾಕು. ಎರಡು ವಾರದಲ್ಲಿ ಯಾವ ಮಗುವಿನ ಹೆಸರಿನ ಮುಂದೆ ಏನೂ ಬರೆಯಲು ಸಿಕ್ಕಿಲ್ಲ ಎಂಬುದು ಎದ್ದು ಕಾಣುತ್ತದೆ, ಮುಂದಿನ ವಾರ ಅವರ ಪಕ್ಕ ಹೋಗಿ ಕೂರಬಹುದು. ಮುಂದಿನ ಹಂತಕ್ಕೆ ಹೋಗುವವರು ಅಡುಗೆಯವರನ್ನು ತರಗತಿಗೆ ಕರೆಯುವುದಾದರೆ ಊಟ ಮುಗಿದು ಪಾತ್ರೆ ತೊಳೆದ ಮೇಲಿನ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ, ಬೆಳಿಗ್ಗೆ ಅವರಿಗೆ ಬಿಡುವಿರುವುದಿಲ್ಲ.